ಮಳೆಗಾಲ ತಡೆಯುವ ಕೆಲಸ–ಓದಿನ ಹಲಗೆ: ಕಟ್ಟಿದ್ದು, ಕೆಟ್ಟದ್ದು, ಸರಿಮಾಡಿದ್ದು

ಮಾಡಬೇಕಾದ ಕೆಲಸ ಬರೆದು ಗೋಡೆಗೆ ಅಂಟಿಸಿದ ಹಳದಿ ಚೀಟಿಗಳು ಶಿರಸಿಯಲ್ಲಿ ಮೇ ಮುಗಿಯುವವರೆಗೆ ನೆಟ್ಟಗೆ ನಿಲ್ಲುತ್ತವೆ. ಮಳೆ ಹಿಡಿದ ಮೇಲೆ ಒಂದೊಂದಾಗಿ ಉದುರತೊಡಗುತ್ತವೆ. ತಪ್ಪು ಅಂಟಿನದ್ದಲ್ಲ. ಡಿಸ್ಟೆಂಪರ್ ಬಳಿದ ಗೋಡೆ ಸದಾ ಸಣ್ಣಗೆ ಪುಡಿ ಬಿಡುತ್ತಿರುತ್ತದೆ. ತೇವ ಏರಿದಾಗ ಆ ಪುಡಿಯ ಪದರವೇ ಸಡಿಲಾಗಿ ಚೀಟಿಯ ಬೆನ್ನಿಗೆ ಹತ್ತಿಕೊಂಡು ಬಂದುಬಿಡುತ್ತದೆ. ಬೆಳಿಗ್ಗೆ ಕಸದ ಜತೆ ಗುಡಿಸುವಾಗ ಯಾವ ಚೀಟಿ ಯಾವ ಕಾಲಮ್ಮಿನಲ್ಲಿತ್ತು ಎಂಬುದೂ ಹೋಗುತ್ತದೆ. ಪಿನ್ ಚುಚ್ಚುವ ಸಾಫ್ಟ್‌ಬೋರ್ಡ್ ಇನ್ನೂ ಬೇಗ ಸೋಲುತ್ತದೆ: ಬಟ್ಟೆಗೆ ಬೂಷ್ಟು, ಪಿನ್ನಿನ ಸುತ್ತ ತುಕ್ಕಿನ ಉಂಗುರ, ನೀರು ಹೀರಿ ಉಬ್ಬಿದ ಅಂಚು.

ಇಲ್ಲಿ ಬರೆದಿಟ್ಟಿರುವುದು ತಗಡಿನ ಹಲಗೆಯ ಕೆಲಸ. ಒಂದು ಕೆಲಸಕ್ಕೆ ಒಂದು ಚೀಟಿ; ಕೆಲಸ ಮುಂದುವರಿದಂತೆ ಚೀಟಿ ಒಂದು ಕಾಲಮ್ಮಿನಿಂದ ಮುಂದಿನದಕ್ಕೆ ಸರಿಯುತ್ತದೆ. ಅಳತೆ 4 ಅಡಿ × 3 ಅಡಿ, ಅಂದರೆ 1220 × 915 ಮಿ.ಮೀ. ಚೀಟಿ ನಿಲ್ಲುವುದು ಮ್ಯಾಗ್ನೆಟ್ಟಿನಿಂದ. ಹಲಗೆ ಬೇಕಿದ್ದದ್ದು ಮೂರು ಬಗೆಯ ಕೆಲಸ ಒಟ್ಟಿಗೆ ನಡೆಯುವ ಮನೆಗೆ: ಹಗಲು ಅಂಗಡಿಗಳ ಲೆಕ್ಕ ಬರೆಯುವುದು, ಸಂಜೆ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಓದು, ನಡುವೆ ಅಡಿಕೆ ತೋಟ. ಮೇ ಮೂರನೇ ವಾರ ಕಟ್ಟಿದ್ದು. ಜುಲೈ ಮತ್ತು ಆಗಸ್ಟಿನಲ್ಲಿ ಬಿಚ್ಚಿ ಸರಿಮಾಡಿದ್ದು. ದುರಸ್ತಿಯ ಭಾಗವೇ ಹೆಚ್ಚು ಉಪಯೋಗದ್ದು, ಏಕೆಂದರೆ ಕೆಟ್ಟದ್ದರಲ್ಲಿ ಅರ್ಧ ತಗಡಿನದ್ದು, ಇನ್ನರ್ಧ ಕಾಲಮ್ಮುಗಳದ್ದು.

ಸಾಮಾನು

ತಗಡು: 0.5 ಮಿ.ಮೀ. ದಪ್ಪದ ಚಪ್ಪಟೆ ಜಿಐ ಶೀಟು (ಸತು ಲೇಪಿಸಿದ ಉಕ್ಕು), 4 × 3 ಅಡಿ. ಅಂಗಡಿಯಲ್ಲಿ ಗೇಜ್ ಲೆಕ್ಕದಲ್ಲಿ ಮಾತಾಡುತ್ತಾರೆ. ಗೇಜ್ ಸಂಖ್ಯೆ ಏರಿದಷ್ಟೂ ತಗಡು ತೆಳು, ಮೇಲಾಗಿ ಒಂದೇ ಸಂಖ್ಯೆಗೆ ಬೇರೆ ಬೇರೆ ಪಟ್ಟಿಯಲ್ಲಿ ಬೇರೆ ದಪ್ಪ. ಆದ್ದರಿಂದ ಮಿ.ಮೀ. ಕೇಳಿ. ಜೇಬಿನಲ್ಲಿ ಒಂದು ಮ್ಯಾಗ್ನೆಟ್ ಇಟ್ಟುಕೊಂಡೇ ಹೋಗಿ. ಅಲ್ಯೂಮಿನಿಯಂ ಹಿಡಿಯುವುದಿಲ್ಲ, 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲೂ ಹಿಡಿಯುವುದಿಲ್ಲ, ನೋಡಲು ಮಾತ್ರ ಎಲ್ಲ ಒಂದೇ. ಶೀಟಿನ ಮೇಲೆ ಸುಣ್ಣದ ಪುಡಿಯಂಥ ಬಿಳಿ ಕಲೆ ಇದ್ದರೆ ಬೇಡ ಅನ್ನಿ. ಅದು ಸತುವಿನ ಬಿಳಿ ತುಕ್ಕು. ಒಂದರ ಮೇಲೊಂದು ಪೇರಿಸಿಟ್ಟ ಶೀಟುಗಳ ನಡುವೆ ನೀರು ನಿಂತಾಗ ಬರುತ್ತದೆ. ಆ ಜಾಗದಲ್ಲಿ ಸತುವಿನ ಪದರ ಆಗಲೇ ಸವೆದಿರುತ್ತದೆ.

ಬೆನ್ನಿಗೆ 9 ಮಿ.ಮೀ. ಪ್ಲೈವುಡ್, ಅದೇ ಅಳತೆ, ಬಿಡಬ್ಲ್ಯುಪಿ ದರ್ಜೆ, ಮೇಲೆ ಐಎಸ್ 710 ಮುದ್ರೆ ಇರಬೇಕು. ಬರೀ ತಗಡನ್ನು ಗೋಡೆಗೆ ಹೊಡೆದರೆ ಮುಟ್ಟಿದಾಗಲೆಲ್ಲ ಡಬ್ ಡಬ್ ಎಂದು ಒಳಗೆ ಹೊರಗೆ ಆಡುತ್ತದೆ, ಚೀಟಿ ಜಾರುತ್ತದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಈ ಹವೆಗೆ ಆಗದು. ಪ್ಲೈ ಬದಲು ಅಡಿಕೆ ದಬ್ಬೆಯ (ಅಡಿಕೆ ಮರ ಸೀಳಿದ ಪಟ್ಟಿಯ) ಚೌಕಟ್ಟು ಮಾಡಬಹುದಲ್ಲ ಅನ್ನಿಸಬಹುದು. ದಬ್ಬೆ ನೇರವಾಗಿ ಸಿಗುವುದು ಕಡಿಮೆ, ಒರಲೆ (ಗೆದ್ದಲು) ಹಿಡಿದರೆ ಹಿಂದಿನಿಂದ ಗೊತ್ತೂ ಆಗುವುದಿಲ್ಲ. ಮಾಡಿಗೆ ಚಲೋ, ಇದಕ್ಕೆ ಬೇಡ.

ಉಳಿದದ್ದು: ಅರ್ಧ ಇಂಚಿನ ಅಲ್ಯೂಮಿನಿಯಂ ಕೋನ ಸುಮಾರು 4.5 ಮೀಟರ್ (ಸುತ್ತಳತೆ 4.27 ಮೀಟರ್, ಮೂಲೆ ಕತ್ತರಿಸುವಾಗ ಹೋಗುವುದು ಸೇರಿಸಿ). ಫೆವಿಕಾಲ್ ಎಸ್‌ಆರ್ 998 (ರಬ್ಬರ್ ಅಂಟು) ಅರ್ಧ ಲೀಟರ್. ಬಿಳಿ ಫೆವಿಕಾಲ್ ಲೋಹಕ್ಕೆ ಹಿಡಿಯುವುದಿಲ್ಲ. ಸ್ವಲ್ಪ ಥಿನ್ನರ್, ವಾರ್ನಿಷ್, ರೆಡ್ ಆಕ್ಸೈಡ್ (ತುಕ್ಕು ತಡೆಯುವ ಬಣ್ಣ). ಮೂರೂವರೆ ಇಂಚಿನ ಸ್ಟೇನ್‌ಲೆಸ್ ಸ್ಕ್ರೂ 4, ಗೋಡೆ ಪ್ಲಗ್ 4, ಅರ್ಧ ಇಂಚಿನ ಸಿಪಿವಿಸಿ ಪೈಪಿನ ತುಂಡಿನಿಂದ ಕತ್ತರಿಸಿದ 20 ಮಿ.ಮೀ. ಉದ್ದದ ಬಳೆ 4. ಕಪ್ಪು ಫೆರೈಟ್ ಮ್ಯಾಗ್ನೆಟ್, 20 ಮಿ.ಮೀ. ಅಗಲ 5 ಮಿ.ಮೀ. ದಪ್ಪ, 30. ಬುಲ್‌ಡಾಗ್ ಕ್ಲಿಪ್ 3.

ಹೊಳೆಯುವ ಚಿಕ್ಕ ನಿಯೋಡಿಮಿಯಂ ಮ್ಯಾಗ್ನೆಟ್ ಬಲವಾಗಿ ಹಿಡಿಯುತ್ತದೆ ನಿಜ. ಆದರೆ ಅದರ ನಿಕಲ್ ಲೇಪ ಒಂದು ಕಡೆ ಚಕ್ಕೆ ಎದ್ದರೆ ಒಳಗಿನ ಲೋಹ ತೇವಕ್ಕೆ ಉಬ್ಬಿ ಪುಡಿಯಾಗುತ್ತದೆ. ಫೆರೈಟ್ ಅಂದರೆ ಹೇಗೂ ಕಬ್ಬಿಣದ ಆಕ್ಸೈಡಿನಿಂದ ಸುಟ್ಟು ಮಾಡಿದ ಪಿಂಗಾಣಿಯಂಥದ್ದು; ಅದಕ್ಕೆ ತುಕ್ಕಿಲ್ಲ. ಈ ಜಿಲ್ಲೆಗೆ ಅದೇ ಸರಿ.

ತಗಡು ಅಂಟಿಸುವುದು

ಇದನ್ನು ಮೇ ತಿಂಗಳ ಒಣ ದಿನ, ಬಿಸಿಲಿರುವಾಗಲೇ ಮುಗಿಸಬೇಕು. ರಬ್ಬರ್ ಅಂಟಿನ ದ್ರಾವಕ ಆರುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತಣ್ಣನೆಯ ಅಂಟಿನ ಮೇಲೆ ಇಬ್ಬನಿಯಂತೆ ನೀರು ಕೂತು ಬಿಳಿ ಮಂಜು ಕಟ್ಟುತ್ತದೆ. ಆಮೇಲೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ.

ಮೊದಲು ಪ್ಲೈನ ನಾಲ್ಕೂ ಅಂಚಿಗೆ ವಾರ್ನಿಷ್ ಎರಡು ಸಲ. ಅಂಚೇ ಹೆಚ್ಚು ನೀರು ಕುಡಿಯುವ ಜಾಗ. ಹೊಸ ತಗಡಿನ ಮೇಲೆ ತೆಳ್ಳಗೆ ಎಣ್ಣೆ ಇರುತ್ತದೆ, ಅದನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೆ ಬಟ್ಟೆ ಬದಲಿಸುತ್ತಲೇ ಇರಿ. ತಗಡಿನ ಬೆನ್ನನ್ನು 120 ನಂಬರ್ ಮರಳು ಕಾಗದದಲ್ಲಿ ಹಗುರಾಗಿ ಉಜ್ಜಿ ಪುಡಿ ಒರೆಸಿ. ಅಂಟನ್ನು ತಗಡಿಗೂ ಪ್ಲೈಗೂ ತೆಳ್ಳಗೆ ಎಳೆದು 10–15 ನಿಮಿಷ ಬಿಡಿ. ಬೆರಳ ಬೆನ್ನು ತಾಗಿಸಿದರೆ ಎಳೆ ಬರಬಾರದು.

ಈ ಅಂಟಿನಲ್ಲಿ ಎರಡನೇ ಅವಕಾಶ ಇಲ್ಲ, ತಾಗಿದಲ್ಲಿ ಹಿಡಿಯಿತು. ಅದಕ್ಕೆ ಪ್ಲೈ ಮೇಲೆ ಅಡ್ಡಡ್ಡ ಎಂಟು ತೆಂಗಿನ ಹಿಡಿಕಡ್ಡಿ ಇಟ್ಟು, ಅದರ ಮೇಲೆ ತಗಡು ಕೂರಿಸಿ, ನಾಲ್ಕೂ ಮೂಲೆ ಹೊಂದಿಸಿ. ಕಡ್ಡಿಯ ಮೇಲಿರುವವರೆಗೆ ತಗಡು ಸರಾಗ ಸರಿಯುತ್ತದೆ. ಹೊಂದಿದ ಮೇಲೆ ನಡುವಿನ ಕಡ್ಡಿ ಎಳೆಯಿರಿ, ಅಲ್ಲಿ ಒತ್ತಿ. ಆಮೇಲೆ ಅದರ ಪಕ್ಕದ್ದು, ಹೀಗೆ ನಡುವಿನಿಂದ ಅಂಚಿಗೆ. ಗಾಳಿ ಹೊರಗೆ ಓಡುತ್ತದೆ, ಗುಳ್ಳೆ ಉಳಿಯುವುದಿಲ್ಲ. ಕೊನೆಗೆ ಲಟ್ಟಣಿಗೆಗೆ ಬಟ್ಟೆ ಸುತ್ತಿ ನಡುವಿನಿಂದ ಹೊರಕ್ಕೆ ಬಲವಾಗಿ ಉರುಳಿಸಿ.

ಕತ್ತರಿಸಿದ ತಗಡಿನ ಅಂಚಿನಲ್ಲಿ ಒಳಗಿನ ಉಕ್ಕು ಬರಿದಾಗಿರುತ್ತದೆ. ಅರದಲ್ಲಿ ಚೂಪು ತೆಗೆದು, ಸಣ್ಣ ಬ್ರಷ್ಷಿನಲ್ಲಿ ರೆಡ್ ಆಕ್ಸೈಡ್ ಎಳೆದು, ಒಣಗಿದ ಮೇಲೆ ಅಲ್ಯೂಮಿನಿಯಂ ಕೋನ ಕೂರಿಸಿದರೆ ಅಂಚು ಕಾಣುವುದೂ ಇಲ್ಲ, ಕೈ ಕುಯ್ಯುವುದೂ ಇಲ್ಲ. ತಗಡು 4.4 ಕಿಲೋ, ಪ್ಲೈ ಸುಮಾರು 7 ಕಿಲೋ. ಕೋನ, ಚೀಟಿ, ಮ್ಯಾಗ್ನೆಟ್ ಸೇರಿ 12–13 ಕಿಲೋ ಆಗುತ್ತದೆ. ನಾಲ್ಕು ಸ್ಕ್ರೂ ಧಾರಾಳ, ಗೋಡೆ ಹಿಡಿದುಕೊಂಡರೆ.

ಗೋಡೆ

ಚಿರೆಕಲ್ಲಿನ ಗೋಡೆ ಹಿಡಿದುಕೊಳ್ಳುವುದೇ ಕಷ್ಟ. ಕಲ್ಲಿನಲ್ಲಿ ತೂತುಗಳು, ಮೆತ್ತನೆಯ ಗಂಟುಗಳು. ಡ್ರಿಲ್ಲನ್ನು ಹ್ಯಾಮರ್ ಮೋಡಿನಲ್ಲಿಟ್ಟು ಒತ್ತಿದರೆ 8 ಮಿ.ಮೀ. ತೂತು ಒಳಗೊಳಗೇ 11–12 ಆಗಿ ಪ್ಲಗ್ ಸುಮ್ಮನೆ ತಿರುಗುತ್ತದೆ. ಹ್ಯಾಮರ್ ಬೇಡ. ಮೊದಲು 6 ಮಿ.ಮೀ. ಬಿಟ್ಟು, ಆಮೇಲೆ 8. ತೂತಿನ ಕೆಂಪು ಪುಡಿಯನ್ನು ಸೈಕಲ್ ಪಂಪಿನಿಂದ ಊದಿ ತೆಗೆಯಿರಿ. ಗಿಲಾವು 15 ಮಿ.ಮೀ. ಇರುತ್ತದೆ, ಪ್ಲಗ್ಗನ್ನು ಗಿಲಾವು ದಾಟಿ ಕಲ್ಲಿನೊಳಗೆ ಹೋಗುವವರೆಗೆ ತಳ್ಳಬೇಕು. ಲೆಕ್ಕ ಹೀಗೆ: ಪ್ಲೈ 9, ಬಳೆ 20, ಗಿಲಾವು 15, ಕಲ್ಲಿನೊಳಗೆ ಕನಿಷ್ಠ 40, ಒಟ್ಟು 84. ಅದಕ್ಕೇ ಮೂರೂವರೆ ಇಂಚು, ಅಂದರೆ 89 ಮಿ.ಮೀ. ಸ್ಕ್ರೂ. ಪ್ಲಗ್ ಹಾಗೂ ತಿರುಗಿದರೆ ತೆಗೆದು, ತೂತಿಗೆ ಎಂ-ಸೀಲ್ (ಕಲಸಿ ತುಂಬುವ ಗಟ್ಟಿ ಅಂಟು) ತುಂಬಿ, ಪ್ಲಗ್ ಒತ್ತಿ, ಒಂದು ರಾತ್ರಿ ಬಿಟ್ಟು ಆಮೇಲೆ ಸ್ಕ್ರೂ ಹಾಕಿ.

ಗೋಡೆಗೂ ಪ್ಲೈಗೂ ನಡುವೆ ಸ್ಕ್ರೂಗೆ ಪೋಣಿಸುವ ಬಳೆಯನ್ನು ಮರೆಯಬೇಡಿ. ಹಲಗೆಯ ಹಿಂದೆ 20 ಮಿ.ಮೀ. ಗಾಳಿ ಆಡಿದರೆ ಮಾತ್ರ ಪ್ಲೈ ಬದುಕುತ್ತದೆ. ಮಳೆಯ ಇರಿಚಲು ಹೊಡೆಯುವ ಪಡುವಣ ಗೋಡೆ ಬೇಡ, ಬಚ್ಚಲಿನ ಬೆನ್ನಿನ ಗೋಡೆಯೂ ಬೇಡ. ಒಳಗೋಡೆ, ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುವ ಕಡೆ. ಊಟದ ಕೋಣೆಗೂ ಓದುವ ಮೇಜಿಗೂ ನಡುವಿನ ಗೋಡೆ ಚೊಕ್ಕ. ಹಲಗೆಯ ನಡುಮಧ್ಯ ನೆಲದಿಂದ 1450 ಮಿ.ಮೀ.

ಗೆರೆ ಮತ್ತು ಚೀಟಿ

ಕೋನದ ತುಟಿ ಎರಡೂ ಬದಿ ಸೇರಿ 25 ಮಿ.ಮೀ. ತಿನ್ನುತ್ತದೆ. ಉಳಿಯುವ ಜಾಗ 1195 × 890. ಮೇಲೆ ತಲೆಬರಹಕ್ಕೆ 50, ಕೆಳಗೆ 280ರ ಮೂರು ಅಡ್ಡ ಸಾಲು: ಕೆಲಸ, ಓದು, ಮನೆ–ತೋಟ. ಕಾಲಂ ಐದು. ಬಾಕಿ 180, ಈ ವಾರ 340, ಮಾಡ್ತಿರೋದು 140, ಕಾಯ್ತಿರೋದು 240, ಮುಗಿದದ್ದು 295.

‘ಮಾಡ್ತಿರೋದು’ ಬೇಕೆಂದೇ ಕಿರಿದು. ಅಲ್ಲಿ ಅಡ್ಡಕ್ಕೆ ಒಂದು ಚೀಟಿಗಿಂತ ಹೆಚ್ಚು ಹಿಡಿಯುವುದಿಲ್ಲ.

ಗೆರೆಗೆ ಕರೆಂಟಿನ ಟೇಪು ಸೀಳಿ ಹಚ್ಚಿದರೆ ಕೆಲವು ವಾರಗಳಲ್ಲಿ ಟೇಪು ಕುಗ್ಗಿ ತುದಿಯಲ್ಲಿ ಅಂಟು ಕಕ್ಕುತ್ತದೆ, ಅದಕ್ಕೆ ಧೂಳು ಹತ್ತಿ ಕಪ್ಪಾಗುತ್ತದೆ. ವಾಹನದ ನಂಬರ್ ಪ್ಲೇಟಿಗೆ ಸ್ಟಿಕರ್ ಕತ್ತರಿಸುವ ಅಂಗಡಿಯಲ್ಲಿ 4 ಮಿ.ಮೀ. ವಿನೈಲ್ ಪಟ್ಟಿ ಕತ್ತರಿಸಿ ಕೊಡುತ್ತಾರೆ. ಉದ್ದಗೆರೆ ನಾಲ್ಕು, ಅಡ್ಡಗೆರೆ ಮೂರು, ಒಟ್ಟು 7 ಮೀಟರಿಗೆ ಸ್ವಲ್ಪ ಮೇಲೆ. 8 ತನ್ನಿ.

ಚೀಟಿಗೆ 300 ಜಿಎಸ್‌ಎಂ ಐವರಿ ಹಾಳೆ, 22 × 28 ಇಂಚು. ಚೀಟಿ 100 × 65 ಮಿ.ಮೀ. ಆದರೆ ಒಂದು ಹಾಳೆಗೆ 8 × 7, ಅಂದರೆ 56 ಚೀಟಿ. ಉದ್ದದ ಕಡೆ ಉಳಿಯುವುದು 11 ಮಿ.ಮೀ. ಮಾತ್ರ, ಆದ್ದರಿಂದ ಕಟಿಂಗ್ ಮೆಷಿನ್ ಇರುವ ಪ್ರೆಸ್ಸಿನಲ್ಲೇ ಕತ್ತರಿಸುವುದು ಒಳ್ಳೆಯದು. 75 ಮಿ.ಮೀ. ಚೌಕದ ಚೀಟಿ ಕನ್ನಡಕ್ಕೆ ಸಾಲದು: ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ, ದೂರದಿಂದ ಓದಲು ಸಾಲಿಗೆ 10 ಮಿ.ಮೀ. ಬೇಕು. ಅಗಲ 100 ಇದ್ದರೆ ಐದು ಸಾಲಿನಲ್ಲಿ ಕೆಲಸ ಪೂರ್ತಿ ಬರೆಯಬಹುದು. ಜೆಲ್ ಪೆನ್ನಿನ ಶಾಯಿ ನೀರಿನದ್ದು, ಜುಲೈ ತೇವಕ್ಕೆ ಹರಡುತ್ತದೆ. ಬಾಲ್ ಪೆನ್ ಅಥವಾ 2ಬಿ ಪೆನ್ಸಿಲ್ ಬಳಸಿ.

ಚೀಟಿಗೆ ಬಣ್ಣ ಬೇಡ. ಯಾವ ಬಗೆಯ ಕೆಲಸ ಎಂಬುದನ್ನು ಸಾಲು ಹೇಳುತ್ತದೆ. ಒಂದೇ ಗುರುತು ಸಾಕು: ಬಲಗಡೆ ಮೇಲಿನ ಮೂಲೆ ಕತ್ತರಿಸಿದ ಚೀಟಿ ಎಂದರೆ ತಾರೀಕು ಮೀರುವಂತಿಲ್ಲ. ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವ ಅಂಗಡಿಯಾದರೆ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಕು, 3ಬಿಗೆ 20. ಅವನ್ನು ಹಿಂದಿನ ತಿಂಗಳ ಕೊನೆಗೇ ಮೂಲೆ ಕತ್ತರಿಸಿ ಬರೆದಿಡಿ.

‘ಬಾಕಿ’ ಕಾಲಮ್ಮಿನಲ್ಲಿ ಚೀಟಿ ಹರಡುವಂತಿಲ್ಲ. ಸಾಲಿಗೊಂದು ಬುಲ್‌ಡಾಗ್ ಕ್ಲಿಪ್, ಹಿಂದೆ ಎರಡು ಮ್ಯಾಗ್ನೆಟ್, ಅದರಲ್ಲಿ ಕಟ್ಟು. ಎಲ್ಲ ಬಾಕಿಯನ್ನೂ ಕಣ್ಣೆದುರು ಹರಡಿದರೆ ಹಲಗೆ ನೋಡಲು ಭಯವಾಗುತ್ತದೆ, ನೋಡುವುದೇ ನಿಂತುಹೋಗುತ್ತದೆ.

ಜುಲೈ: ಬಣ್ಣ ಸಿಪ್ಪೆ ಎದ್ದಿತು

ಮೊದಲ ಸಲ ತಗಡಿನ ಮುಖಕ್ಕೆ ಬಿಳಿ ಎನಾಮಲ್ ಎರಡು ಕೋಟು ಹೊಡೆದದ್ದಿತ್ತು, ಚೆಂದ ಕಾಣಲಿ ಎಂದು. ಜುಲೈ ಎರಡನೇ ವಾರ ಮ್ಯಾಗ್ನೆಟ್ ಎತ್ತಿದರೆ ಅದರ ಬುಡಕ್ಕೆ ರೂಪಾಯಿ ಅಗಲದ ಬಣ್ಣ ಎದ್ದು ಬಂತು. ಉಗುರು ತಾಗಿಸಿದರೆ ಉಳಿದದ್ದೂ ಹಾಳೆಯಂತೆ ಸುಲಿಯಿತು, ಕೆಳಗೆ ಜಾರುವಂಥ ನುಣುಪು ಪದರ.

ಕಾರಣ ರಾಸಾಯನಿಕದ್ದು. ಎನಾಮಲ್ಲಿನಲ್ಲಿರುವ ಎಣ್ಣೆಯ ಅಂಶ ತೇವ ಸೇರಿದಾಗ ಸತುವಿನ ಜತೆ ಕೂಡಿ ಸಾಬೂನಿನಂಥ ವಸ್ತುವಾಗುತ್ತದೆ. ಬಣ್ಣ ಆ ಸಾಬೂನಿನ ಮೇಲೆ ನಿಂತಿರುತ್ತದೆ, ತಗಡಿನ ಮೇಲಲ್ಲ. ಮಳೆಗಾಲ ಅದನ್ನು ಬೇಗ ಬಯಲು ಮಾಡಿತು ಅಷ್ಟೆ. ಬಣ್ಣ ಬೇಕೇ ಬೇಕೆಂದರೆ ಎಲ್ಲ ಕೆರೆದು, 220 ನಂಬರ್ ಕಾಗದದಲ್ಲಿ ಉಜ್ಜಿ, ಥಿನ್ನರಿನಲ್ಲಿ ಒರೆಸಿ, ಸತುವಿಗೆಂದೇ ಬರುವ ವಾಶ್ ಪ್ರೈಮರ್ ತೆಳ್ಳಗೆ ಹೊಡೆದು ಅದರ ಮೇಲೆ ಬಣ್ಣ ಹೊಡೆಯಬೇಕು. ಇಲ್ಲಿ ಮಾಡಿದ್ದು ಅದಕ್ಕಿಂತ ಸುಲಭ: ಪೂರ್ತಿ ಕೆರೆದು ಬರೀ ತಗಡನ್ನೇ ಬಿಟ್ಟದ್ದು. ಸತುವಿನ ಬೂದು ಮುಖದ ಮೇಲೆ ಬಿಳಿ ಚೀಟಿ ಇನ್ನೂ ಸ್ಪಷ್ಟ. ಅದರ ಮೇಲೆ ವೈಟ್‌ಬೋರ್ಡ್ ಮಾರ್ಕರಿನಲ್ಲಿ ಬರೆಯಬೇಡಿ, ಕಲೆ ಹೋಗುವುದಿಲ್ಲ. ತಲೆಬರಹವೂ ಚೀಟಿಯಲ್ಲೇ ಇರಲಿ.

ಅದೇ ವಾರ ಇನ್ನೊಂದು ಕಂಡಿತು: ಕೆಳಗಿನ ಎಡಮೂಲೆ 6 ಮಿ.ಮೀ. ಮುಂದಕ್ಕೆ ಬಾಗಿತ್ತು. ಮುಂದೆ ತಗಡು, ನೀರು ಒಳಗೆ ಹೋಗುವಂತಿಲ್ಲ. ಹಿಂದೆ ಪ್ಲೈಗೆ ಒಂದೇ ಕೋಟು ವಾರ್ನಿಷ್. ಹಿಂಬದಿ ಮಾತ್ರ ತೇವ ಕುಡಿದು ಹಿಗ್ಗಿದರೆ ಹಲಗೆ ಮುಂದಕ್ಕೇ ಮುರುಟಬೇಕು. ಹಲಗೆ ಬಿಚ್ಚಿ, ಮೂರು ದಿನ ಬಲ್ಬಿನ ಕಾವಿನ ಹತ್ತಿರ ಒಣಗಿಸಿ, ಬೆನ್ನಿಗೆ ಇನ್ನೂ ಎರಡು ಕೋಟು ಹಚ್ಚಿ, ಬಾಗಿದ ಮೂಲೆಯ ಸ್ಕ್ರೂವನ್ನು ಅಂಚಿನಿಂದ 120ರ ಬದಲು 50 ಮಿ.ಮೀ. ಒಳಗೆ ಹಾಕಿದ್ದಕ್ಕೆ ಬಾಗು 1 ಮಿ.ಮೀ.ಗೆ ಇಳಿಯಿತು. ಹೊಸದಾಗಿ ಕಟ್ಟುವವರು ಬೆನ್ನಿಗೆ ಮೂರು ಕೋಟನ್ನು ಮೇ ತಿಂಗಳಲ್ಲೇ ಮುಗಿಸಿಬಿಡಿ.

ಆಗಸ್ಟ್: ಕಾಲಮ್ಮುಗಳ ದುರಸ್ತಿ

ತಗಡು ಸರಿಯಾದ ಮೇಲೆ ಚೀಟಿ ಉದುರುವುದು ನಿಂತಿತು. ಚೀಟಿ ಮುಂದೆ ಹೋಗುವುದು ಮಾತ್ರ ಶುರುವಾಗಿರಲಿಲ್ಲ. ‘ಮಾಡ್ತಿರೋದು’ ಕಾಲಮ್ಮಿನಲ್ಲಿ ಒಂದರ ಮೇಲೊಂದು ಸಿಕ್ಕಿಸಿ 9 ಚೀಟಿ. ಹೊಸದು ಬಂದಾಗಲೆಲ್ಲ ಒಂದು ಮ್ಯಾಗ್ನೆಟ್ ಹಾಕಿದರೆ ಆಯಿತು, ತಡೆಯುವವರಿಲ್ಲ.

ಈ ಬಗೆಯ ಹಲಗೆಯ ಮೂಲ ಜಪಾನಿನ ಟೊಯೋಟಾ ಕಾರ್ಖಾನೆ. ಅಲ್ಲಿ ಎಂಜಿನಿಯರ್ ತೈಚಿ ಓನೊ 1950ರ ದಶಕದಲ್ಲಿ ಬೆಳೆಸಿದ ಪದ್ಧತಿಯಲ್ಲಿ ಕಾನ್‌ಬಾನ್ ಎಂಬ ಚೀಟಿ ಕೆಲಸದ ನೆನಪಿಗೆ ಇದ್ದದ್ದಲ್ಲ, ಕೆಲಸಕ್ಕೆ ಪರವಾನಗಿಯಾಗಿ ಇದ್ದದ್ದು. ಮುಂದಿನ ಹಂತ ಸಾಮಾನು ಬಳಸಿ ಚೀಟಿ ಹಿಂದೆ ಕಳಿಸಿದರೆ ಮಾತ್ರ ಹಿಂದಿನವರು ಇನ್ನಷ್ಟು ಮಾಡಬಹುದು. ಚೀಟಿ ಇಲ್ಲದೆ ಮಾಡುವಂತಿಲ್ಲ. ಚೀಟಿಗಳು ಎಣಿಕೆಯವು, ಆದ್ದರಿಂದ ಅರೆಬರೆ ಸಾಮಾನೂ ಎಣಿಕೆ ಮೀರದು. ಮನೆಯ ಹಲಗೆಗೆ ಕಾಲಂ ಬಂತು, ಚೀಟಿ ಬಂತು, ಎಣಿಕೆ ಮಾತ್ರ ಬರಲಿಲ್ಲ. ಹೆಚ್ಚಿನ ಹಲಗೆಗಳು ಸಾಯುವುದು ಇಲ್ಲೇ.

‘ಮೂರಕ್ಕಿಂತ ಹೆಚ್ಚು ಬೇಡ’ ಎಂದು ತಲೆಬರಹದಲ್ಲಿ ಬರೆದರೆ ಸಾಲದು, ಅದನ್ನು ಮೀರುವುದು ಬಹಳ ಸುಲಭ. ಮಿತಿಯನ್ನು ಸಾಮಾನಿನಲ್ಲೇ ಇಟ್ಟದ್ದು ಹೀಗೆ: ಮೂರು ಮ್ಯಾಗ್ನೆಟ್ಟಿಗೆ ಕೆಂಪು ನೇಲ್ ಪಾಲಿಶ್ ಹಚ್ಚಿ, ಸಾಲಿಗೆ ಒಂದರಂತೆ ಕೊಟ್ಟದ್ದು. ‘ಮಾಡ್ತಿರೋದು’ ಕಾಲಮ್ಮಿನಲ್ಲಿ ಕೆಂಪು ಮ್ಯಾಗ್ನೆಟ್ ಬಿಟ್ಟರೆ ಬೇರೆ ಇಲ್ಲ. ಒಂದು ಮ್ಯಾಗ್ನೆಟ್ಟಿಗೆ ಒಂದೇ ಚೀಟಿ. ‘ಈ ವಾರ’ಕ್ಕೆ ಕಪ್ಪು 10, ‘ಕಾಯ್ತಿರೋದು’ಕ್ಕೆ ಬಿಳಿ ಚುಕ್ಕೆ ಹಚ್ಚಿದ 4. ಕ್ಲಿಪ್ಪುಗಳ ಹಿಂದಿನ 6 ಮತ್ತು ತಲೆಬರಹದ 5 ಸೇರಿ 28. ಉಳಿದೆರಡನ್ನು ಹಲಗೆಯ ಹತ್ತಿರ ಇಡದೆ ಬೇರೆ ಡಬ್ಬಿಯಲ್ಲಿ ಇಡಬೇಕು. ಹೊಸ ಕೆಲಸ ಎತ್ತಬೇಕೆಂದರೆ ಕೈಯಲ್ಲಿ ಕೆಂಪು ಮ್ಯಾಗ್ನೆಟ್ ಬೇಕು; ಅದು ಸಿಗಬೇಕೆಂದರೆ ಹಿಡಿದ ಕೆಲಸ ಮುಗಿಯಬೇಕು. ಮುಗಿದ ಚೀಟಿಗೆ ಮ್ಯಾಗ್ನೆಟ್ ಬೇಡ, ಆ ಕಾಲಮ್ಮಿನ ಬುಡದಲ್ಲಿ ಅಂಟಿಸಿದ ಪ್ಲಾಸ್ಟಿಕ್ ಜೇಬಿಗೆ ಬೀಳುತ್ತದೆ.

ಮಿತಿಯಿಂದ ಏನು ಲಾಭ ಎಂಬುದಕ್ಕೆ ಲೆಕ್ಕವಿದೆ. ಅಮೆರಿಕದ ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ: ನಡೆಯುತ್ತಿರುವ ಕೆಲಸಗಳ ಸರಾಸರಿ ಸಂಖ್ಯೆಯನ್ನು ಮುಗಿಯುವ ವೇಗದಿಂದ ಭಾಗಿಸಿದರೆ, ಒಂದು ಕೆಲಸ ಸರಾಸರಿ ಎಷ್ಟು ಹೊತ್ತು ಒಳಗಿರುತ್ತದೆ ಎಂಬುದು ಬರುತ್ತದೆ. ಒಳಗೆ 9 ಚೀಟಿ, ವಾರಕ್ಕೆ 6 ಮುಗಿಯುತ್ತವೆ ಎಂದರೆ ಒಂದೊಂದೂ ಒಂದೂವರೆ ವಾರ ನೇತಾಡುತ್ತದೆ. ಅದೇ ವೇಗದಲ್ಲಿ ಒಳಗೆ 3 ಮಾತ್ರ ಇಟ್ಟರೆ ಅರ್ಧ ವಾರ. ಕೆಲಸ ಮಾಡುವ ವೇಗ ಹೆಚ್ಚಬೇಕಾಗಿಯೇ ಇಲ್ಲ.

ಕೆಂಪು ಮ್ಯಾಗ್ನೆಟ್ ಹಾಕಿದ ಮೇಲೆ ಎರಡನೇ ದೋಷ ಮೇಲೆ ಬಂತು. ಓದಿನ ಸಾಲಿನಲ್ಲಿ ‘ಸಂವಿಧಾನ’ ಎಂದು ಬರೆದ ಚೀಟಿ ಹತ್ತು ದಿನದಿಂದ ಅಲ್ಲೇ ಕೂತಿತ್ತು. ಅದು ಕೆಲಸದ ಹೆಸರಲ್ಲ, ವಿಷಯದ ಹೆಸರು. ಎಲ್ಲಿ ಮುಗಿಯಿತು ಎಂದು ಹೇಳುವಂತಿಲ್ಲ. ಅದನ್ನು ಒಡೆದು ಬರೆದದ್ದು ಹೀಗೆ: ‘ಭಾಗ 3, ವಿಧಿ 12–35 ಮೂಲಭೂತ ಹಕ್ಕು: ಓದಿ ಒಂದು ಪುಟ ಟಿಪ್ಪಣಿ’. ‘ಅದೇ ಭಾಗದ ಹಳೇ ಪ್ರಶ್ನೆ 30 ಬಿಡಿಸು, ತಪ್ಪಿದ್ದು ಗುರುತಿಸು’. ‘ಭಾಗ 4, ವಿಧಿ 36–51 ನಿರ್ದೇಶಕ ತತ್ವ: ಹಕ್ಕಿಗೂ ಇದಕ್ಕೂ ವ್ಯತ್ಯಾಸ ಬರೆ’. ಕ್ರಿಯಾಪದ ಇರಬೇಕು, ಎಣಿಸಬಹುದಾದ ಕೊನೆ ಇರಬೇಕು, ಒಂದು ಅಥವಾ ಎರಡು ಸಲ ಕೂತು, ಒಂದೂವರೆಯಿಂದ ಮೂರು ಗಂಟೆಯೊಳಗೆ, ಮುಗಿಯಬೇಕು.

ದೊಡ್ಡ ಚೀಟಿ ತಾನಾಗಿ ಕಣ್ಣಿಗೆ ಬೀಳಲು ಒಂದು ಉಪಾಯ: ರಾತ್ರಿ ಮಲಗುವ ಮುಂಚೆ ‘ಮಾಡ್ತಿರೋದು’ ಕಾಲಮ್ಮಿನ ಪ್ರತಿ ಚೀಟಿಯ ಎಡಮೂಲೆಗೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ. ಐದು ಚುಕ್ಕೆ ಬಿದ್ದ ಚೀಟಿಯನ್ನು ಮರುದಿನ ಇಳಿಸಿ ಒಡೆದು ಬರೆಯಲೇಬೇಕು. ಆಗಸ್ಟ್ ಮೊದಲ ವಾರ ಐದು ಚುಕ್ಕೆಯ ಚೀಟಿ 4 ಇದ್ದವು, ಕೊನೆಯ ವಾರ 1.

ತೋಟದ ಸಾಲಿನಲ್ಲಿ ತೊಡಕು ಬೇರೆ. ‘ಎರಡನೇ ಮದ್ದು’ ಎಂಬ ಚೀಟಿ ಕೆಂಪು ಮ್ಯಾಗ್ನೆಟ್ ಹಿಡಿದುಕೊಂಡು ಕೂತರೆ ಮನೆಯ ಬೇರೆ ಕೆಲಸ ಪೂರಾ ನಿಂತಂತೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮೊದಲ ಸಲ ಮಳೆ ಹಿಡಿಯುವ ಮುಂಚೆ, ಎರಡನೆಯದು 40–45 ದಿನದ ಮೇಲೆ. ಆದರೆ ಎರಡನೆಯದಕ್ಕೆ ಮಳೆ ಹೊಳವಾಗಬೇಕು, ಕೊನೆಗೌಡ (ಅಡಿಕೆ ಮರ ಹತ್ತುವವನು) ಬಿಡುವಾಗಿರಬೇಕು. ನಮ್ಮ ಕೈಯಲ್ಲಿಲ್ಲದ್ದು ‘ಮಾಡ್ತಿರೋದು’ ಅಲ್ಲ. ಒಂದು ಚೀಟಿ ನಾಲ್ಕಾಯಿತು: ‘ಮೈಲುತುತ್ತ, ಸುಣ್ಣ ತರು (100 ಲೀಟರಿಗೆ 1 ಕಿಲೋ, 1 ಕಿಲೋ)’, ‘ಪಂಪು, ಪೈಪು ನೋಡು, ವಾಷರ್ ಬದಲಿಸು’, ‘ಕೊನೆಗೌಡನಿಗೆ ಹೇಳು’, ‘ಮದ್ದು ಹೊಡೆಸು’. ಮೊದಲ ಮೂರು ನಮ್ಮದು, ಮುಗಿಸಿ ಜೇಬಿಗೆ ಹಾಕಬಹುದು. ನಾಲ್ಕನೆಯದು ನೇರ ‘ಕಾಯ್ತಿರೋದು’ಕ್ಕೆ. ದ್ರಾವಣ ಕೂಡಿಸುವುದನ್ನು ಬೇರೆ ಚೀಟಿ ಮಾಡಬಾರದು. ಕೂಡಿಸಿದ ದಿನವೇ ಹೊಡೆಯಬೇಕಾದ್ದು ಅದು, ಒಡೆದರೆ ಯಾರಾದರೂ ಹಿಂದಿನ ದಿನ ಕೂಡಿಸಿಟ್ಟುಬಿಡುತ್ತಾರೆ.

‘ಕಾಯ್ತಿರೋದು’ ಕಾಲಮ್ಮಿಗೆ ಒಂದೇ ನಿಯಮ: ಯಾರಿಗಾಗಿ ಅಥವಾ ಯಾವುದಕ್ಕಾಗಿ ಕಾಯುವುದು, ಮತ್ತೆ ಯಾವತ್ತು ಕೇಳುವುದು, ಎರಡೂ ಚೀಟಿಯ ಬುಡದಲ್ಲಿ ಬರೆಯದೆ ಅಲ್ಲಿಗೆ ಹೋಗುವಂತಿಲ್ಲ. ‘ಬ್ಯಾಂಕ್ ಸ್ಟೇಟ್‌ಮೆಂಟ್, ಅಂಗಡಿಯವರಿಂದ, 6ಕ್ಕೆ ಕೇಳು.’ ತಾರೀಕಿಲ್ಲದ ಚೀಟಿ ಅಲ್ಲೇ ಹಳದಿಯಾಗುತ್ತದೆ. ಬಿಳಿ ಚುಕ್ಕೆಯ ಮ್ಯಾಗ್ನೆಟ್ ನಾಲ್ಕೇ ಇರುವುದರಿಂದ ಐದನೆಯದು ಬಂದಾಗ ಹಳೆಯದರಲ್ಲಿ ಒಂದಕ್ಕೆ ಫೋನ್ ಮಾಡಲೇಬೇಕಾಗುತ್ತದೆ.

ಓದಿನ ಚೀಟಿ ‘ಮುಗಿದದ್ದು’ ಜೇಬಿಗೆ ಬೀಳುವುದೇ ತಪ್ಪು ಎಂಬುದು ಕಂಡಿದ್ದು ಕೊನೆಗೆ. ರಿಟರ್ನ್ ಹಾಕಿದರೆ ಅದು ಮುಗಿಯಿತು. ಓದಿದ್ದು ಓದಿದ ದಿನ ಮುಗಿಯುವುದಿಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿ ತೋರಿಸಿದಂತೆ ಕಲಿತದ್ದರಲ್ಲಿ ಬಹುಪಾಲು ಮೊದಲ ದಿನಗಳಲ್ಲೇ ಜಾರುತ್ತದೆ, ಆಮೇಲೆ ಇಳಿಕೆ ನಿಧಾನ. ಅದಕ್ಕೆ ಓದಿನ ಸಾಲಿನ ಕೊನೆಗೆ ಜೇಬು ತೆಗೆದು, 295 ಮಿ.ಮೀ. ಅಗಲದಲ್ಲಿ ಮೂರು ಚಿಕ್ಕ ಜೇಬು ಕೂರಿಸಿದ್ದು: ‘ನಾಳೆ’, ‘7 ದಿನ’, ‘21 ದಿನ’. ಓದಿ ಮುಗಿದ ಚೀಟಿಯ ಬೆನ್ನ ಮೇಲೆ ಮುಂದಿನ ತಾರೀಕು ಬರೆದು ‘ನಾಳೆ’ಗೆ. ಮರುದಿನ ಪುಸ್ತಕ ತೆರೆಯದೆ ಐದು ಅಂಶ ಹೇಳಲು ಬಂದರೆ ‘7 ದಿನ’ಕ್ಕೆ, ಬರದಿದ್ದರೆ ಅದೇ ಜೇಬಿಗೆ ಮತ್ತೆ. ಮೂರೂ ದಾಟಿದ್ದು ಡಬ್ಬಿಗೆ. ಈ ಮರುಓದು 10 ನಿಮಿಷದ ಕೆಲಸ, ಕೆಂಪು ಮ್ಯಾಗ್ನೆಟ್ ಬೇಡ. ದಿನದ ಓದಿಗೆ ಕೂರುವ ಮೊದಲು ಮುಗಿಸಿಬಿಡಬೇಕು.

ಭಾನುವಾರ ಬೆಳಿಗ್ಗೆ 20 ನಿಮಿಷ ಹಲಗೆಯದ್ದು. ಜೇಬಿನ ಚೀಟಿ ಎಣಿಸಿ ಕ್ಯಾಲೆಂಡರಿನ ಆ ವಾರದ ಮೇಲೆ ಸಂಖ್ಯೆ ಬರೆಯಿರಿ. ಮುಂದಿನ ವಾರಕ್ಕೆ ಬಾಕಿಯ ಕಟ್ಟಿನಿಂದ ಎತ್ತುವುದು ಆ ಸಂಖ್ಯೆಯಷ್ಟೇ: ಹೋದ ವಾರ 7 ಮುಗಿದಿದ್ದರೆ 7, ಆಸೆಗೆ 10 ಅಲ್ಲ. ಮೂಲೆ ಕತ್ತರಿಸಿದವು ಮೊದಲು. ಎರಡು ತಿಂಗಳಿಂದ ಕ್ಲಿಪ್ಪಿನಲ್ಲೇ ಇರುವ ಚೀಟಿಯನ್ನು ಓದಿ, ಬೇಡವೆನಿಸಿದರೆ ಹರಿದುಹಾಕಿ. ಕೊನೆಗೆ ಫೋನಿನಲ್ಲಿ ಹಲಗೆಯ ಒಂದು ಫೋಟೋ. ಫೋನಿನಲ್ಲೇ ಇಡಬಹುದಾದ ಹಲಗೆಯ ಆಪ್‌ಗಳು ಚೆನ್ನಾಗಿಯೇ ಇವೆ, ಇಬ್ಬರು ಬೇರೆ ಊರಿನಲ್ಲಿದ್ದು ಒಂದೇ ಕೆಲಸ ಮಾಡುವಾಗ ಅವೇ ಬೇಕು. ಮನೆಯ ಓದಿಗೆ ಗೋಡೆಯೇ ಮೇಲು: ಕರೆಂಟು ಹೋದಾಗಲೂ ಅದು ಎದುರಿಗಿರುತ್ತದೆ, ಅದನ್ನು ನೋಡಲು ಹೋಗಿ ಬೇರೇನೋ ನೋಡುತ್ತ ಕೂರುವ ಪ್ರಶ್ನೆಯಿಲ್ಲ.

ಕಾರವಾರಕ್ಕೆ ಕಟ್ಟುವುದಾದರೆ

ಘಟ್ಟದ ಮೇಲೆ ತೇವ ಮಾತ್ರ. ಕೋಡಿಬಾಗ, ಮಾಜಾಳಿ, ಬೈತಖೋಲದಂಥ ಸಮುದ್ರದ ಮಗ್ಗುಲಿನ ಕಡೆ ತೇವದ ಜತೆ ಉಪ್ಪು. ಉಪ್ಪು ತೇವವನ್ನು ಎಳೆದು ಹಿಡಿದುಕೊಳ್ಳುತ್ತದೆ, ಸತುವನ್ನು ಬೇಗ ತಿನ್ನುತ್ತದೆ. ಅಲ್ಲಿ ಬರೀ ಜಿಐ ಬೇಡ. ಮಾಡಿನ ಶೀಟು ಮಾರುವವರಲ್ಲಿ ಅಲೆಯಿಲ್ಲದ ಚಪ್ಪಟೆ ಕಲರ್ ಕೋಟೆಡ್ ಶೀಟು ಕೇಳಿ, ಬಿಳಿ ಅಥವಾ ತಿಳಿಬೂದು, 0.5 ಮಿ.ಮೀ. ಅದರ ಬಣ್ಣ ಕಾರ್ಖಾನೆಯಲ್ಲೇ ಪ್ರೈಮರ್ ಹೊಡೆದು ಕಾಯಿಸಿ ಹಿಡಿಸಿದ್ದು, ಸಿಪ್ಪೆ ಏಳುವುದಿಲ್ಲ. ಅಂಟಿಸುವ ಮುಖವನ್ನು ಮಾತ್ರ ಉಜ್ಜಿ. ಕತ್ತರಿಸಿದ ಅಂಚಿಗೆ ರೆಡ್ ಆಕ್ಸೈಡ್ ಎರಡು ಸಲ, ಕೋನ ಕೂರಿಸುವಾಗ ಒಳಗೆ ಸಿಲಿಕೋನ್ ಒಂದು ಎಳೆ. ಸ್ಕ್ರೂ 304ರ ಬದಲು 316 ದರ್ಜೆಯದ್ದು ಸಿಕ್ಕರೆ ಅದನ್ನೇ ಹಾಕಿ. ಬುಲ್‌ಡಾಗ್ ಕ್ಲಿಪ್ ಅಲ್ಲಿ ಒಂದು ಮಳೆಗಾಲಕ್ಕೇ ಕೆಂಪಾಗುತ್ತದೆ; ಬದಲಿಗೆ ಪ್ಲಾಸ್ಟಿಕ್ ಜೇಬು. ತಿಂಗಳಿಗೊಮ್ಮೆ ಸಿಹಿನೀರಿನ ಬಟ್ಟೆಯಲ್ಲಿ ಹಲಗೆ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಬೇಕು. ಕೋನದ ಕೆಳತುಟಿಯಲ್ಲಿ ಉಪ್ಪು ಕೂರುತ್ತದೆ, ಅಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಆಡಿಸಿ.

ಅಕ್ಟೋಬರ್ ತಪಾಸಣೆ

ಮಳೆ ಬಿಟ್ಟ ಮೇಲೆ ಶಿರಸಿಯ ಹಲಗೆ ಬಿಚ್ಚಿ ನೋಡಿದ್ದು. ಪ್ಲೈನ ಬೆನ್ನು ಒಣಗಿತ್ತು, ಒರಲೆಯ ಮಣ್ಣಿಲ್ಲ. ಗೋಡೆಯಲ್ಲಿ ಬಳೆ ತಾಗಿದ ನಾಲ್ಕು ಕಡೆ ಮಾತ್ರ ಉಂಗುರದಂತೆ ತೇವದ ಕಲೆ. ಮೇಲಿನ ಬಲಗಡೆಯ ಪ್ಲಗ್ ಅರ್ಧ ಸುತ್ತು ಸಡಿಲ. ಎಂ-ಸೀಲ್ ತುಂಬಿ ಮತ್ತೆ ಹಾಕಿದ್ದು. ಎನಾಮಲ್ ಕೆರೆದಾಗ ಬ್ಲೇಡು ಆಳಕ್ಕೆ ಹೋಗಿ ಸತು ಹಾರಿದ ಒಂದು ಗೀರಿನಲ್ಲಿ, ‘ಈ ವಾರ’ ಕಾಲಮ್ಮಿನ ನಡುವೆ, 30 ಮಿ.ಮೀ. ಉದ್ದಕ್ಕೆ ಕಂದು ತುಕ್ಕು ಬಂದಿದೆ. ಅದನ್ನು ಉಜ್ಜಿ ಸತುವಿನ ಪುಡಿ ಬೆರೆತ ಕೋಲ್ಡ್ ಗ್ಯಾಲ್ವನೈಸಿಂಗ್ ಪೇಂಟು ಹಚ್ಚಬೇಕು. ಚೀಟಿ ಬರೆದು ಮನೆ–ತೋಟದ ಕ್ಲಿಪ್ಪಿಗೆ ಸಿಕ್ಕಿಸಿ ಆಗಿದೆ. ಆ ಸಾಲಿನ ಕೆಂಪು ಮ್ಯಾಗ್ನೆಟ್ಟಿನ ಕೆಳಗೆ ಈಗ ‘ಕೊನೆ ಕೊಯ್ಲಿಗೆ ಮುಂಚೆ ಅಂಗಳ ಹದಮಾಡು’ ಇದೆ.